ಅರ್ಥ್ ಸಿಗದ ಮೇಷ್ಟ್ರು

ಮೂವತ್ತೊಂದು ವರ್ಷ ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವನು ನಾನು. ಹಳಗನ್ನಡದ ಪದ್ಯವನ್ನು ಅವರೆಕಾಯಿ ಸುಲಿದ ಹಾಗೆ ಸುಲಿದು ಮುಂದಿಟ್ಟು, ಕೊನೆಗೆ "ಅರ್ಥ ಆಯ್ತೇನ್ರಪ್ಪಾ?" ಎಂದು ಕೇಳುವುದು ನನ್ನ ಪದ್ಧತಿ. ಹುಡುಗರು ಒಕ್ಕೊರಲಿನಿಂದ "ಆಯ್ತು ಸಾರ್" ಅನ್ನುತ್ತಿದ್ದರು. ಆಗದೆಯೂ ಆಯ್ತು ಅನ್ನುವುದು ಎಷ್ಟು ಸುಲಭ ಎಂದು ನನಗೆ ತಿಳಿದದ್ದು ನಿವೃತ್ತನಾಗಿ ಊರು ಸೇರಿ, ತಮ್ಮನ ಜೊತೆ ಪಾಲಿನಲ್ಲಿ ಒಂದು ಹಳೇ ಟ್ರಾಕ್ಟರು, ಅದಕ್ಕಿಂತ ಹಳೇದೊಂದು ಟ್ರೈಲರು ಕೊಂಡ ಮೇಲೆ.

ನಮ್ಮದು ಮಂಡ್ಯ ಸೀಮೆ. 2023ರ ಆಗಸ್ಟಿನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಟ್ರಾಕ್ಟರು ಹತ್ತುವ ಹಾಗಿಲ್ಲ. ಹಾಗಾಗಿ ಸರ್ವಿಸ್ ರಸ್ತೆಯಲ್ಲಿ ಬೈಕು, ಆಟೋ, ಎಮ್ಮೆ, ಟ್ರಾಕ್ಟರು ಎಲ್ಲ ಕೂಡುಕುಟುಂಬದ ಸಂಸಾರ ಮಾಡುತ್ತೇವೆ. ಒಂದು ದಿನ ಮುಸ್ಸಂಜೆಯಲ್ಲಿ ಖಾಲಿ ಟ್ರೈಲರು ಎಳೆದುಕೊಂಡು ಬರುತ್ತಿದ್ದೆ. ಹಿಂದೆ ಕಿರ್ರೆಂದು ಬ್ರೇಕು ಹಾಕಿದ ಬೈಕಿನವನೊಬ್ಬ ಪಕ್ಕಕ್ಕೆ ಬಂದ. ನನ್ನ ನರೆಗೂದಲು ನೋಡಿ, ಬಾಯಿಗೆ ಬಂದದ್ದನ್ನು ಅರ್ಧ ನುಂಗಿಕೊಂಡು, "ಯಜಮಾನ್ರೇ, ಹಿಂದ್ಗಡೆ ಒಂದ್ ದೀಪನಾದ್ರೂ ಬ್ಯಾಡ್ವಾ? ನಾನ್ ಸತ್ತೋಗಿದ್ರೆ ನಿಮ್ ಟ್ರೈಲರ್ನಾಗೇ ಹಾಕ್ಕಂಡೋಗ್ಬೇಕಾಗಿತ್ತು" ಎಂದು ಹೇಳಿ ಹೋದ. ಸಾಗಾಣಿಕೆಯ ವ್ಯವಸ್ಥೆಯನ್ನೂ ಅವನೇ ಮಾಡಿಕೊಂಡಿದ್ದ.

ಇಳಿದು ನೋಡಿದೆ. ಟ್ರಾಕ್ಟರಿನ ಹಿಂದಿನ ದೀಪಗಳು ಚೆನ್ನಾಗಿಯೇ ಉರಿಯುತ್ತಿವೆ. ಆದರೆ ಅವುಗಳ ಹಿಂದೆ ಟ್ರೈಲರು ಗೋಡೆಯ ಹಾಗೆ ನಿಂತಿದೆ. ಆ ಗೋಡೆಯ ಹಿಂದುಗಡೆ ಗವ್ವೆನ್ನುವ ಕತ್ತಲು. ನನ್ನ ಅಪ್ಪನ ಎತ್ತಿನ ಗಾಡಿಯ ಅಚ್ಚಿನ ಕೆಳಗೆ ಒಂದು ಲಾಟೀನು ತೂಗಾಡುತ್ತಿತ್ತು. ಅಪ್ಪ ಗಾಡಿಯಲ್ಲೇ ನಿದ್ದೆ ಹೋದರೂ ಎತ್ತುಗಳು ಮನೆಗೆ ಬರುತ್ತಿದ್ದವು, ಲಾಟೀನು ಉರಿಯುತ್ತಲೇ ಇರುತ್ತಿತ್ತು. ಅದಕ್ಕೆ ವೈರಿಂಗ್ ಇರಲಿಲ್ಲ.

ಇದು ಬರೀ ನನ್ನ ಮಾನದ ಪ್ರಶ್ನೆಯಲ್ಲ, ಜಿಲ್ಲೆಯ ಮಾನದ ಪ್ರಶ್ನೆ ಅನ್ನಿಸಿತು. ನಮ್ಮ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು 1902ರಲ್ಲೇ ಸುಮಾರು 150 ಕಿಲೋಮೀಟರ್ ಕಂಬದಿಂದ ಕಂಬಕ್ಕೆ ನಡೆದುಕೊಂಡು ಕೋಲಾರದ ಚಿನ್ನದ ಗಣಿಗೆ ಹೋಯಿತು. ಇನ್ನು ಮೂರು ವರ್ಷಕ್ಕೆ ಬೆಂಗಳೂರಿನ ಬೀದಿ ದೀಪವನ್ನೂ ಹೊತ್ತಿಸಿತು. ಅಂಥ ಜಿಲ್ಲೆಯಲ್ಲಿ, ಇಷ್ಟು ವರ್ಷದ ಮೇಲೆ, ನನ್ನ ಟ್ರಾಕ್ಟರಿನಿಂದ ನನ್ನದೇ ಟ್ರೈಲರಿಗೆ ಹದಿನೈದು ಅಡಿ ಕರೆಂಟು ಹೋಗುತ್ತಿಲ್ಲ!

ಮಾರನೆಯ ಬೆಳಿಗ್ಗೆ ಪಕ್ಕದ ಮನೆಯ ಹುಡುಗ ಬೇವಿನ ಕಡ್ಡಿ ಕಚ್ಚಿಕೊಂಡು ಬಂದು ಬಗ್ಗಿ ನೋಡಿದ. "ಅರ್ತು ಇಲ್ಲ ಅನ್ಸುತ್ತೆ ಮೇಷ್ಟ್ರೇ."

"ಏನು ಅರ್ಥ ಇಲ್ಲ?"

"ಅರ್ತು ಅಂದ್ರೆ ಅರ್ತೇ. ಅದಿಲ್ದಿದ್ರೆ ಏನೂ ಬರಲ್ಲ."

ಇಡೀ ಕಾವ್ಯಮೀಮಾಂಸೆಯನ್ನು ಇಷ್ಟು ಅಡಕವಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ಆಮೇಲೆ ತಿಳಿಯಿತು, ಅವನು ಹೇಳಿದ್ದು ಅರ್ಥ್, ಅಂದರೆ ಭೂಮಿ ಸಂಪರ್ಕ. ಬ್ಯಾಟರಿಯಿಂದ ಹೊರಟ ಕರೆಂಟು ಬಲ್ಬನ್ನು ಹಾದು ವಾಪಸ್ಸು ಬರುವ ದಾರಿ.

ಅರ್ಥ್ ತಾನೇ, ಕೊಟ್ಟರಾಯಿತು ಎಂದು ಸ್ಪಾನರು ಹಿಡಿದೆ. ಟ್ರಾಕ್ಟರಿನ ಬೆನ್ನಿಗೆ ಏಳು ತೂತಿನ ಒಂದು ದುಂಡನೆಯ ಸಾಕೆಟ್ಟು ಇರುತ್ತದೆ. ಮುಚ್ಚಳ ಎತ್ತಿದರೆ ಇರುವೆ ಗಾತ್ರದ ಅಕ್ಷರಗಳು: ಎಲ್, ಆರ್, 31, 54, 58. ನನಗೆ ಶಾಸನದ ಲಿಪಿ ಓದಿ ಅಭ್ಯಾಸವಿದೆಯೇ ಹೊರತು ಇದಲ್ಲ. ಹಿಂಬದಿ ಬಿಚ್ಚಿದೆ. ಹಳದಿ, ನೀಲಿ, ಬಿಳಿ, ಹಸಿರು, ಕಂದು, ಕೆಂಪು, ಕಪ್ಪು, ಏಳು ಬಣ್ಣದ ವೈರು. ಮನೆ ಕಟ್ಟಿಸುವಾಗ ವೈರಿಂಗಿನವನು ಹೇಳಿದ ಒಂದು ಮಾತು ತಲೆಯಲ್ಲಿ ಉಳಿದಿತ್ತು: ಕೆಂಪು ಫೇಸು, ಕಪ್ಪು ನ್ಯೂಟ್ರಲ್ಲು, ಹಸಿರು ಅರ್ಥ್. ಸರಿ, ಹಸಿರನ್ನು ಕಿತ್ತು, ಅದಕ್ಕೆ ಅರ್ಧ ಅಡಿ ವೈರು ಸೇರಿಸಿ, ಟ್ರಾಕ್ಟರಿನ ಮಡ್‌ಗಾರ್ಡಿನ ಬೋಲ್ಟಿಗೆ ಬಿಗಿದೆ. ಎಷ್ಟು ಬಿಗಿಯಾಗಿ ಅಂದರೆ ಆಮೇಲೆ ಅದನ್ನು ಬಿಚ್ಚಲು ಇಬ್ಬರು ಬೇಕಾದರು.

ಹತ್ತಿ ಕೂತು ಬಲಗಡೆ ಇಂಡಿಕೇಟರು ಹಾಕಿದೆ. ಟಪ್ ಅಂತು. ಫ್ಯೂಸು ಹೋಯಿತು. ಹೊಸದು ಹಾಕಿ ಮತ್ತೆ ಬಲಗಡೆ ಒತ್ತಿದೆ. ಟಪ್. ಎಡಗಡೆ ಹಾಕಿದರೆ ಏನೂ ಆಗುವುದಿಲ್ಲ. ನಾನೇನು ಬಲಪಂಥದ ವಿರೋಧಿಯೋ ಎಂದು ಟ್ರಾಕ್ಟರೇ ಅನುಮಾನಿಸುವ ಹಾಗಾಯಿತು. ಮೂರನೇ ಫ್ಯೂಸು ಹೋದಾಗ ಪಕ್ಕದ ಮನೆ ಹುಡುಗ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಕೊಡಲು ಬಂದ. "ಇದ್ ಜನ್ಮಕ್ಕೂ ಹೋಗಲ್ಲ ಮೇಷ್ಟ್ರೇ" ಅಂದ. ಅಷ್ಟು ಬುದ್ಧಿ ನನಗೂ ಇತ್ತು. ಫ್ಯೂಸು ಹೋಗದಿದ್ದರೆ ವೈರು ಹೋಗುತ್ತದೆ, ವೈರಿನ ಬಗಲಲ್ಲೇ ಡೀಸೆಲ್ ಟ್ಯಾಂಕಿದೆ. ಬೆಳ್ಳಿ ಕಾಗದ ಬೇಡ ಅಂದೆ.

ವಾಹನದ ವೈರಿಗೂ ಮನೆಯ ವೈರಿಗೂ ಬಣ್ಣದ ನೆಂಟಸ್ತಿಕೆ ಇಲ್ಲವೆಂದು ಆಗ ನನಗೆ ಗೊತ್ತಿರಲಿಲ್ಲ. ಏಳು ಪಿನ್ನಿನ ಈ ಏರ್ಪಾಡಿನಲ್ಲಿ ಹಸಿರು ಅಂದರೆ ಬಲಗಡೆಯ ಇಂಡಿಕೇಟರು. ಅದಕ್ಕೆ ಹೋಗಬೇಕಾದ ಕರೆಂಟನ್ನೆಲ್ಲ ನಾನು ನೇರವಾಗಿ ಮಡ್‌ಗಾರ್ಡಿಗೆ ಸುರಿಯುತ್ತಿದ್ದೆ.

ಇನ್ನು ವೈಜ್ಞಾನಿಕವಾಗಿ ಹೋಗೋಣವೆಂದು ಮದ್ದೂರಿಗೆ ಹೋಗಿ ಮಲ್ಟಿಮೀಟರು ತಂದೆ. ಬಂದ ತಪ್ಪಿಗೆ ನಾಲ್ಕು ವಡೆಯನ್ನೂ ಕಟ್ಟಿಸಿಕೊಂಡೆ. ಆ ಪ್ರಯಾಣದಿಂದ ಮನೆಗೆ ಉಪಯೋಗವಾದದ್ದು ವಡೆ ಮಾತ್ರ. ಮೀಟರಿಗೆ ಎರಡು ಕಡ್ಡಿ, ಒಂದು ಕೆಂಪು, ಒಂದು ಕರಿ. ಕರಿ ಕಡ್ಡಿಯನ್ನು ಟ್ರಾಕ್ಟರಿನ ಮೈಗೆ ಒತ್ತಿ ಹಿಡಿದು, ಉದ್ದನೆಯ ವೈರು ಸೇರಿಸಿಕೊಂಡು, ಕೆಂಪು ಕಡ್ಡಿಯಿಂದ ಟ್ರೈಲರಿನ ಹಿಂದಿನ ಒಂದೊಂದು ಹೋಲ್ಡರನ್ನೂ ಮುಟ್ಟಿ ನೋಡಿದೆ. ಬಲಗಡೆಯ ಇಂಡಿಕೇಟರು ಬಿಟ್ಟರೆ ಎಲ್ಲ ಕಡೆಯೂ ಹನ್ನೆರಡೂವರೆ ವೋಲ್ಟು! ಬಲ್ಬು ಬಿಚ್ಚಿ ನೋಡಿದರೆ ತಂತಿ ನೆಟ್ಟಗಿದೆ. ಕರೆಂಟು ಇದೆ, ಬಲ್ಬು ಇದೆ, ಬೆಳಕು ಇಲ್ಲ. ನನ್ನ ತರಗತಿಗಳ ನೆನಪಾಯಿತು.

ಬಲ್ಬು ಬಿಚ್ಚಿ ಹಾಕುವಾಗ ಇನ್ನೊಂದು ಎಡವಟ್ಟು ಮಾಡಿಕೊಂಡೆ. ಹಿಂದಿನ ಕೆಂಪು ದೀಪದ ಬಲ್ಬಿನಲ್ಲಿ ಎರಡು ತಂತಿ ಇರುತ್ತವೆ, ಸಣ್ಣ ಉರಿಗೆ ಐದು ವಾಟಿನದು, ಬ್ರೇಕಿಗೆ ಇಪ್ಪತ್ತೊಂದು ವಾಟಿನದು. ಅದನ್ನು ತಿರುಗಿಸಿ ಹಾಕಬಾರದೆಂದೇ ಪಕ್ಕದ ಎರಡು ಮೊಳೆಗಳನ್ನು ಒಂದು ಮೇಲೆ, ಒಂದು ಕೆಳಗೆ ಮಾಡಿರುತ್ತಾರೆ. ಹೋಲ್ಡರು ಸವೆದಿದ್ದರೆ, ಹಾಕುವವನು ನನ್ನಂಥವನಾಗಿದ್ದರೆ, ಅದು ಹೇಗೆ ಬೇಕಾದರೂ ಕೂರುತ್ತದೆ. ಅದನ್ನು ಬೆಳೆಸುವುದಿಲ್ಲ. ಇಲಿಯ ವಿಷಯವನ್ನೂ ಬೆಳೆಸುವುದಿಲ್ಲ. ಹುಲ್ಲಿನ ಮೆದೆಯ ಪಕ್ಕ ಟ್ರೈಲರು ನಿಲ್ಲಿಸಿದವನಿಗೆ ಇಲಿಯನ್ನು ಬೈಯುವ ಹಕ್ಕಿಲ್ಲ.

ಕೊನೆಗೆ ಪೇಟೆಯ ಎಲೆಕ್ಟ್ರಿಷಿಯನ್ನನಿಗೆ ಫೋನು ಮಾಡಿದೆ. ಕಬ್ಬಿನ ಕಾಲ, ಅವನ ಅಂಗಡಿ ಮುಂದೆ ಟ್ರಾಕ್ಟರುಗಳು ಸಾಲುಗಟ್ಟಿ ನಿಂತಿರುತ್ತವೆ. "ಬರಕ್ಕಾಗಲ್ಲ ಮೇಷ್ಟ್ರೇ, ಏನಾಗ್ತೈತೆ ಹೇಳಿ" ಅಂದ. ನಾನು ಬೈಕಿನವನಿಂದ ಶುರುಮಾಡಿ, ಫ್ಯೂಸಿನ ಬಲಪಂಥ, ಹನ್ನೆರಡೂವರೆ ವೋಲ್ಟು, ನನ್ನ ಮೂರು ಊಹೆಗಳು, ಅವುಗಳಿಗೆ ಆಧಾರ, ಎಲ್ಲವನ್ನೂ ಪೀಠಿಕೆ ಸಮೇತ ಹೇಳಿದೆ. ಆ ಕಡೆ ಯಾರೋ ಹಾರನ್ನು ಪರೀಕ್ಷೆ ಮಾಡುತ್ತಿದ್ದರು.

"ಅದೆಲ್ಲ ಬುಡಿ. ಬ್ರೇಕ್ ತುಳುದ್ರೆ ಹಿಂದೆ ಏನಾಯ್ತದೆ?"

"ನಾನು ಬ್ರೇಕ್ ತುಳಿಯುವಾಗ ಮುಂದೆ ಇರುತ್ತೇನಲ್ಲಪ್ಪ."

"ಮನೇಲಿ ಯಾರಿದ್ದಾರೆ?"

ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ನನ್ನಾಕೆ ಕೈ ಒರೆಸಿಕೊಂಡು ಟ್ರೈಲರಿನ ಹಿಂದೆ ಹೋಗಿ ನಿಂತಳು. ಫೋನು ನನ್ನ ಹತ್ತಿರವೇ ಇತ್ತು. ನಾನು ಬ್ರೇಕು ತುಳಿದೆ. "ಏನಾದರೂ ಬಂತೇನೇ?" ಎಂದು ಕೂಗಿದೆ.

"ಕೆಂಪುದು ಸಾಯೋ ಹಾಗೆ ಸಣ್ಣಗೆ ಬಂತು ರೀ. ಎಡಗಡೆ ಹಳದೀದು ಕಾಮಾಲೆ ಬಂದೋರ ಕಣ್ಣಿನ ಹಾಗೆ ಮಬ್ಬಾಗಿ ಕಾಣ್ತು."

ನಾನು ಫೋನಿನಲ್ಲಿ, "ದೀಪಗಳು ಅಸ್ಪಷ್ಟವಾಗಿ ಬರುತ್ತಿವೆಯಂತಪ್ಪ" ಎಂದೆ.

"ಫೋನ್ ಅಕ್ಕಂಗೆ ಕೊಡಿ ಮೇಷ್ಟ್ರೇ" ಅಂದ.

ಅಲ್ಲಿಂದ ಮುಂದೆ ನಾನು ಬರೀ ಕಾಲು. ಅವನು ಆ ಕಡೆಯಿಂದ ಹೇಳುವುದು, ಇವಳು "ಬ್ರೇಕ್", "ಎಡಗಡೆ", "ಈಗ ಹೆಡ್‌ಲೈಟ್ ಹಾಕಿ ಬಲಗಡೆ" ಎಂದು ಅಪ್ಪಣೆ ಕೊಡಿಸುವುದು, ನಾನು ಮಾಡುವುದು. ಬಲಗಡೆ ಅಂದಾಗ ಮಾತ್ರ ಹಸಿರು ವೈರಿನ ಪ್ರಸಂಗ ಹೊರಗೆ ಬಂದು, ಪಕ್ಕದ ಮನೆ ಹುಡುಗನನ್ನು ಕರೆದು ಬೋಲ್ಟು ಬಿಚ್ಚಿ ಅದನ್ನು ಸ್ವಸ್ಥಾನಕ್ಕೆ ಸೇರಿಸಬೇಕಾಯಿತು. ಫೋನನ್ನು ಸ್ಪೀಕರಿಗೆ ಹಾಕಿದ್ದಳು, ಆ ಕಡೆಯ ನಗು ಬೀದಿಗೆಲ್ಲ ಕೇಳಿಸಿತು.

"ಅಕ್ಕ, ಬಲಗಡೆ ಮಿಣಿಮಿಣಿ ಅಂದಾಗ ಕೆಂಪುದು ಏನ್ ಮಾಡ್ತದೆ?"

"ಅದೂ ಜೊತೇಲೇ ಉಸಿರಾಡ್ತದೆ ಕಣಪ್ಪ. ಹಳದಿ ಬಂದ್ರೆ ಇದು ಇಂಗ್ತದೆ, ಅದು ಹೋದ್ರೆ ಇದು ಬರ್ತದೆ."

"ಸಿಕ್ತು ಬುಡಿ. ಟ್ರೈಲರ್‌ಗೆ ಅರ್ತಿಲ್ಲ."

ನನಗೆ ತಡೆಯಲಿಲ್ಲ. ಹನ್ನೆರಡೂವರೆ ವೋಲ್ಟಿನ ಮಾತು ಎತ್ತಿದೆ. "ಕರಿ ಕಡ್ಡಿ ಎಲ್ಲಿಟ್ಟಿದ್ರಿ?" ಎಂದು ಕೇಳಿದ. ಟ್ರಾಕ್ಟರಿನ ಮೇಲೆ ಅಂದೆ. "ಬಲ್ಬ್ ಯಾತರ ಮೇಲೈತೆ?" ಟ್ರೈಲರಿನ ಮೇಲೆ. ಅವನು ಮುಂದೆ ಏನೂ ಹೇಳಲಿಲ್ಲ. ನಾನೂ ಏನೂ ಕೇಳಲಿಲ್ಲ. ಟ್ರಾಕ್ಟರಿನ ಮೈ ಬ್ಯಾಟರಿಗೆ ನೆಟ್ಟಗೆ ಸೇರಿದೆ, ಅಲ್ಲಿ ಕಡ್ಡಿ ಇಟ್ಟು ಅಳೆದರೆ ಹೋಗುವ ದಾರಿ ಸರಿಯಿದೆ ಎಂದು ತೋರಿಸುತ್ತದೆಯೇ ಹೊರತು, ಟ್ರೈಲರಿನಿಂದ ವಾಪಸ್ಸು ಬರುವ ದಾರಿಯ ಸುದ್ದಿ ಅದಕ್ಕೆ ಹೇಗೆ ಗೊತ್ತಾಗಬೇಕು?

ನನ್ನಾಕೆಗೆ ಮಾತ್ರ ಅವನು ವಿವರವಾಗಿಯೇ ಹೇಳಿದ. ಗದ್ದೆಗೆ ತೂಬಿನಿಂದ ನೀರು ಬಿಡುತ್ತೀವಲ್ಲ ಅಕ್ಕ, ಬಸಿಗಾಲುವೆ ಕಟ್ಟಿಕೊಂಡರೆ ಏನಾಗುತ್ತದೆ? ನೀರು ನಿಲ್ಲುವುದಿಲ್ಲ, ಬದ ಒಡೆದು ಪಕ್ಕದವನ ಗದ್ದೆಗೆ ನುಗ್ಗುತ್ತದೆ. ಹಾಗೇ ಬ್ರೇಕು ದೀಪಕ್ಕೆ ಬಂದ ಕರೆಂಟು ವಾಪಸ್ಸು ಹೋಗಲು ದಾರಿ ಕಾಣದೆ ಇಂಡಿಕೇಟರಿನ ಬಲ್ಬಿಗೆ ಹಿತ್ತಿಲ ಬಾಗಿಲಿಂದ ನುಗ್ಗಿ, ಅದರ ವೈರು ಹಿಡಿದು ಟ್ರಾಕ್ಟರಿಗೆ ಓಡುತ್ತದೆ. ಎರಡು ಗದ್ದೆಗೆ ಹಂಚಿಹೋದ ನೀರು, ಎರಡೂ ಕಡೆ ಅರೆಬರೆ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಹುಟ್ಟಿ ಬೆಳೆದವಳಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಲಿಲ್ಲ. "ಅಂಗಾರೆ ಇಷ್ಟು ದಿನ ಹೆಂಗೆ ಬರ್ತಿತ್ತು?" ಎಂದು ಕೇಳಿದಳು. ನನಗೆ ಹೊಳೆಯದೇ ಹೋದ ಪ್ರಶ್ನೆ.

ಇಷ್ಟು ದಿನ ಕರೆಂಟು ಟ್ರಾಕ್ಟರಿಗೂ ಟ್ರೈಲರಿಗೂ ಸೇರಿಸುವ ಕೊಂಡಿಯ ಕಬ್ಬಿಣದ ಪಿನ್ನಿನ ಮೂಲಕ ಹೇಗೋ ನುಸುಳಿ ಬರುತ್ತಿತ್ತಂತೆ. ಅದಕ್ಕೇ ಹಳ್ಳ ಹತ್ತಿಳಿದಾಗ ದೀಪ ಬಂದು ಹೋಗುತ್ತಿತ್ತು. ನಾನದನ್ನು ಬಲ್ಬಿನ ಚೇಷ್ಟೆ ಎಂದುಕೊಂಡಿದ್ದೆ. ಹಿಂದಿನ ವಾರ ಕೊಂಡಿ ಕಿರುಗುಟ್ಟುತ್ತದೆಂದು ಒಂದು ಮುಷ್ಟಿ ಗ್ರೀಸು ಮೆತ್ತಿ ಆ ಕಳ್ಳದಾರಿಯನ್ನೂ ಮುಚ್ಚಿದ ಪುಣ್ಯಾತ್ಮ ನಾನೇ.

ಖಾತ್ರಿ ಮಾಡಿಕೊಳ್ಳಲು ಅವನು ಹೇಳಿದ್ದು ಇಷ್ಟೇ: ಒಂದು ಗಟ್ಟಿ ವೈರು ತಗೊಂಡು ಟ್ರಾಕ್ಟರಿನ ಮೈಗೆ ಒಂದು ತುದಿ, ಟ್ರೈಲರಿನ ಬರೀ ಕಬ್ಬಿಣಕ್ಕೆ ಇನ್ನೊಂದು ತುದಿ ಒತ್ತಿ ಹಿಡಿಯಿರಿ. ಹುಡುಗ ಹಿಡಿದ. ನಾನು ಬ್ರೇಕು ತುಳಿದೆ. ಹಿಂದಿನ ಹುಣಸೆಮರದ ಬುಡವೆಲ್ಲ ಕೆಂಪಾಯಿತು. ಸೀಟಿನ ಮೇಲೆ ಕೂತೇ ನನಗೆ ಕಾಣಿಸಿತು.

ಮುಂದಿನದು ಹುಡುಕಾಟ. ಬಿಳಿ ವೈರು ಅರ್ಥ್ ಅಂದಿದ್ದ. ಟ್ರೈಲರಿನ ಮೂತಿಯ ಹತ್ತಿರ, ಮಣ್ಣು, ಕಬ್ಬಿನ ಸಿಪ್ಪೆ, ಹಳೇ ಗ್ರೀಸು ಕೂಡಿ ಕಲ್ಲಿನ ಹಾಗಾದ ಒಂದು ಹೆಪ್ಪನ್ನು ಸ್ಕ್ರೂ ಡ್ರೈವರಿನಿಂದ ಕೆರೆದಾಗ ಅದು ಸಿಕ್ಕಿತು. ಬೋಲ್ಟಿಗೆ ಹಾಕಿದ ಬಳೆ, ಬಳೆಗೆ ಸೇರಿದ ಬಿಳಿ ವೈರು. ಹೊರಗೆ ನೋಡಿದರೆ ಏನೂ ಆಗಿಲ್ಲ. ಬೆರಳಲ್ಲಿ ಸ್ವಲ್ಪ ಬಗ್ಗಿಸಿದೆ. ಪ್ಲಾಸ್ಟಿಕ್ಕಿನ ಹೊದಿಕೆ ಮಾತ್ರ ಬಗ್ಗಿತು, ಒಳಗೆ ತಾಮ್ರ ಇರಲಿಲ್ಲ. ಹೊದಿಕೆ ಸೀಳಿದರೆ ಪೂಜೆ ಮಾಡದೆ ಬಿಟ್ಟ ಪಂಚಪಾತ್ರೆಯಲ್ಲಿ ಕಟ್ಟುತ್ತದಲ್ಲ, ಅಂಥ ಹಸಿರು ಕಿಲುಬಿನ ಪುಡಿ ಉದುರಿತು. ಬಳೆಯ ಅಡಿಯಲ್ಲಿ ಟ್ರೈಲರಿನ ನೀಲಿ ಪೇಂಟು. ಹಿಂದಿನ ಯಜಮಾನರು ದಸರಾಕ್ಕೆ ಪೇಂಟು ಹೊಡೆಸಿ, ಅದರ ಮೇಲೆಯೇ ಬೋಲ್ಟು ಬಿಗಿಸಿದ್ದರು. ಪೇಂಟಿನ ಮೇಲೆ ಕರೆಂಟು ಹರಿಯುವುದಿಲ್ಲ.

ಎಮರಿ ಕಾಗದದಲ್ಲಿ ಕಬ್ಬಿಣ ಬೆಳ್ಳಗೆ ಹೊಳೆಯುವ ತನಕ ಉಜ್ಜಿದೆ. ಹೊಸ ಬಳೆ, ಹಲ್ಲಿನ ವಾಷರು, ಬಿಗಿದ ಮೇಲೆ ಚೂರು ಗ್ರೀಸು. ಈ ಸಲ ಗ್ರೀಸು ಎಲ್ಲಿ ಹಚ್ಚಬೇಕೋ ಅಲ್ಲಿ.

ಆ ರಾತ್ರಿಯೇ ಆಲೆಮನೆಗೆ ಒಂದು ಲೋಡು ಕಬ್ಬು ಹೊಡೆಯಬೇಕಿತ್ತು. ದೀಪಗಳ ಉತ್ಸಾಹದಲ್ಲಿ ಒಂದು ಹೊರೆ ಜಾಸ್ತಿಯೇ ಹೇರಿಸಿದೆ. ಹೊರಡುವ ಮುಂಚೆ ಹಿಂದೆ ಹೋಗಿ ನಿಂತ ನನ್ನಾಕೆ, "ಬ್ರೇಕ್ ತುಳೀರಿ" ಅಂದಳು. ತುಳಿದೆ. "ಏನೂ ಕಾಣಲ್ಲ ರೀ" ಅಂದಳು. ನನ್ನ ಎದೆ ಧಸಕ್ಕೆಂದಿತು. ಇಳಿದು ನೋಡಿದರೆ, ಹಿಂದಕ್ಕೆ ಜೋತುಬಿದ್ದ ಕಬ್ಬಿನ ಸೋಗೆಯ ಪರದೆಯೊಳಗೆ ಎರಡೂ ದೀಪಗಳು ತಮ್ಮ ಪಾಡಿಗೆ ಭರ್ಜರಿಯಾಗಿ ಉರಿಯುತ್ತಿದ್ದವು. ಕುಡುಗೋಲು ತಂದು ಅವಳೇ ಸೋಗೆ ಕೊಯ್ದಳು. ಕಬ್ಬಿನ ತುದಿಗೆ ಕೆಂಪು ರೇಡಿಯಂ ಅಂಟಿಸಿದ ತಗಡೊಂದನ್ನೂ ಕಟ್ಟಿದಳು.

ಈಗ ಊರಿನಲ್ಲಿ ಯಾರ ಟ್ರೈಲರಿನ ದೀಪ ಕೆಟ್ಟರೂ ನಮ್ಮ ಮನೆ ಮುಂದೆ ಬಂದು ನಿಲ್ಲುತ್ತದೆ. ಎಲೆಕ್ಟ್ರಿಷಿಯನ್ನನೇ ಕಳಿಸುತ್ತಾನೆ. ಮೊನ್ನೆ ಫೋನು ಬಂದಾಗ ನಾನೇ ಎತ್ತಿದೆ. ಯೋಗಕ್ಷೇಮ ಕೇಳಿ, ಒಂದು ನಿಮಿಷ ಸುಮ್ಮನಿದ್ದು, "ಅಕ್ಕ ಇಲ್ವಾ ಮೇಷ್ಟ್ರೇ?" ಅಂದ. ಕರೆದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಫೋನು ತೆಗೆದುಕೊಂಡು, ಬೀದಿಯಲ್ಲಿ ನಿಂತಿದ್ದ ಟ್ರೈಲರಿನ ಹಿಂದಕ್ಕೆ ಹೋದಳು. ನಾನು ಯಾರೂ ಹೇಳುವ ಮೊದಲೇ ಚಪ್ಪಲಿ ಮೆಟ್ಟಿಕೊಂಡು ಟ್ರಾಕ್ಟರು ಹತ್ತಿ, ಬ್ರೇಕಿನ ಮೇಲೆ ಕಾಲಿಟ್ಟು ಕೂತೆ.