ಹೊರ ಬಳಕೆಗೆ ಮಾತ್ರ

ದರ್ಶನಶಾಸ್ತ್ರ ಓದಿದರೆ ಹೊಟ್ಟೆ ತುಂಬುವುದಿಲ್ಲ ಎಂದು ಹಿರಿಯರು ಮಕ್ಕಳನ್ನು ಹೆದರಿಸುತ್ತಿದ್ದ ಕಾಲ ಮುಗಿಯಿತು. ಇಂದು ಮಾರ್ಕಸ್ ಅರೇಲಿಯಸ್ ಟೀ ಶರ್ಟಿನ ಮೇಲಿದ್ದಾನೆ, ಸೆನೆಕ ಕಾಫಿ ಮಗ್ಗಿನ ಮೇಲಿದ್ದಾನೆ, ಭಗವದ್ಗೀತೆ ಕಾರ್ಪೊರೇಟ್ ತರಬೇತಿಯಲ್ಲಿ ಮಧ್ಯಾಹ್ನದ ಊಟವಾದ ಮೇಲಿನ ಅವಧಿಗೆ ನಿಗದಿಯಾಗಿದೆ. ನಕ್ಷತ್ರ ನೋಡುತ್ತಾ ನಡೆದು ಬಾವಿಗೆ ಬಿದ್ದ ಥೇಲೀಸನನ್ನು ಕಂಡು ಥ್ರೇಸಿನ ಕೆಲಸದ ಹುಡುಗಿಯೊಬ್ಬಳು ನಕ್ಕಳಂತೆ, ಪ್ಲೇಟೋ ಬರೆದಿಟ್ಟಿದ್ದಾನೆ. ಇನ್ನು ಹಾಗೆ ನಗಲು ಯಾರಿಗೂ ಧೈರ್ಯವಿಲ್ಲ. ಮಹಾನ್ ಚಿಂತಕರನ್ನು ದಿನಬಳಕೆಗೆ ಇಳಿಸುವುದರಲ್ಲಿ ನಮ್ಮ ತಲೆಮಾರು ಮಾಡಿರುವ ಸಾಧನೆಯನ್ನು ಯಾರೂ ಬಾಯಿತುಂಬಾ ಹೊಗಳಿಲ್ಲ. ಆ ಕೊರತೆಯನ್ನು ನೀಗಿಸಲು ಈ ಬರಹ.

ಎರಡೂವರೆ ಸಾವಿರ ವರ್ಷ ತತ್ತ್ವಜ್ಞಾನಿಗಳು ಒಂದೇ ಪ್ರಶ್ನೆಯ ಸುತ್ತ ತಿರುಗಿದರು: ಮನುಷ್ಯ ಹೇಗೆ ಬಾಳಬೇಕು? ಪ್ರಶ್ನೆಯಲ್ಲೇ ಒಂದು ಕೊರತೆಯಿತ್ತು. ಯಾವ ಮನುಷ್ಯ ಎಂದು ಅವರಲ್ಲಿ ಯಾರೂ ಕೇಳಲಿಲ್ಲ. ನಾವು ಕೇಳಿದೆವು, ಉತ್ತರವೂ ಸಿಕ್ಕಿತು: ಪಕ್ಕದವನು. ಅಲ್ಲಿಂದ ಮುಂದೆ ಎಲ್ಲವೂ ಸಲೀಸಾಯಿತು. ನೋವಿನ ಮುಲಾಮಿನ ಟ್ಯೂಬಿನ ಮೇಲೆ ‘ಹೊರ ಬಳಕೆಗೆ ಮಾತ್ರ’ ಎಂದು ಅಚ್ಚು ಹಾಕಿರುತ್ತಾರಲ್ಲ, ಆ ಎಚ್ಚರಿಕೆ ತತ್ತ್ವಜ್ಞಾನದ ಪುಸ್ತಕಗಳ ಮೇಲೂ ಇರಬೇಕಿತ್ತು. ಪ್ರಕಾಶಕರು ಮರೆತರು, ಜನ ತಾವಾಗಿಯೇ ಕಂಡುಕೊಂಡರು.

ಕಚೇರಿಯಿಂದಲೇ ಶುರು ಮಾಡೋಣ. ಎಪಿಕ್ಟೆಟಸ್ ಗುಲಾಮನಾಗಿ ಬೆಳೆದವನು, ಕಾಲು ಕುಂಟು. ನಮ್ಮ ಕೈಯಲ್ಲಿರುವುದು ಯಾವುದು, ಇಲ್ಲದ್ದು ಯಾವುದು ಎಂದು ಮೊದಲು ಬೇರ್ಪಡಿಸಿಕೊಳ್ಳಿ ಎಂದ. ನಮ್ಮ ಅಭಿಪ್ರಾಯ, ನಮ್ಮ ಬಯಕೆ ನಮ್ಮವು. ಮೈ, ಆಸ್ತಿ, ಹೆಸರು, ಹುದ್ದೆ ನಮ್ಮವಲ್ಲ. ನಮ್ಮದಲ್ಲದ್ದಕ್ಕೆ ಕೊರಗಬೇಡಿ ಎಂದ. ಗುಲಾಮನೊಬ್ಬ ಬದುಕಿ ಉಳಿಯಲು ಕಂಡುಕೊಂಡ ಈ ಮಾತಿನ ನಿಜವಾದ ಬೆಲೆ ಗೊತ್ತಾದದ್ದು ಯಜಮಾನರಿಗೆ. ಈಗ ತರಬೇತಿಯ ಪರದೆಯ ಮೇಲೆ ಎರಡು ವೃತ್ತಗಳಿರುತ್ತವೆ. ಸಂಬಳ: ನಿಮ್ಮ ಕೈಯಲ್ಲಿಲ್ಲ. ಬಡ್ತಿ: ಇಲ್ಲ. ಶನಿವಾರದ ರಜೆ: ಇಲ್ಲ. ರಾತ್ರಿ ಹನ್ನೊಂದರ ಕಾಲ್‌ಗೆ ನಗುಮುಖದಿಂದ ಬರುವುದು: ಸಂಪೂರ್ಣ ನಿಮ್ಮ ಕೈಯಲ್ಲಿದೆ. ಎರಡು ಸಾವಿರ ವರ್ಷದ ಹಿಂದಿನ ಚಿಂತನೆ ಇಷ್ಟು ನಿಖರವಾಗಿ ಒಂದು ಕಂಪನಿಯ ಖರ್ಚಿನ ಪಟ್ಟಿಗೆ ಹೊಂದಿಕೊಂಡದ್ದನ್ನು ಕಂಡಾಗ ರೋಮಾಂಚನವಾಗುತ್ತದೆ.

ಗ್ರೀಕರ ಮಾತು ಕಿವಿಗೆ ಹೋಗದವರಿಗೆ ಗೀತೆ ಇದ್ದೇ ಇದೆ. ಮಾರ್ಚ್ ಕಳೆದು ಅಪ್ರೈಸಲ್ ಪತ್ರಗಳು ಬರುವ ಹೊತ್ತಿಗೆ ಮೇಲಧಿಕಾರಿಗಳ ಕೊಠಡಿಗಳು ಕುರುಕ್ಷೇತ್ರವಾಗುತ್ತವೆ. ಕೆಲಸದ ಮೇಲೆ ಹಕ್ಕು, ಫಲದ ಮೇಲೆ ಬೇಡ ಎಂಬ ಉಪದೇಶ ಎದುರು ಕುರ್ಚಿಯಲ್ಲಿ ಕುಳಿತವನಿಗೆ ಸಿಗುತ್ತದೆ. ಬಿಟ್ಟ ಫಲವನ್ನು ಈಶ್ವರನಿಗೆ ಅರ್ಪಿಸಬೇಕು ಎನ್ನುತ್ತಾರೆ ವ್ಯಾಖ್ಯಾನಕಾರರು. ಆ ಈಶ್ವರ ಯಾರು ಎಂಬ ಜಿಜ್ಞಾಸೆಗೆ ಷೇರುದಾರರ ವಾರ್ಷಿಕ ಸಭೆಯಲ್ಲಿ ಉತ್ತರ ದೊರೆಯುತ್ತದೆ.

ಈ ವಿದ್ಯೆಯನ್ನು ನಾವೇ ಕಂಡುಹಿಡಿದೆವು ಎಂದು ಬೀಗುವುದು ಮಾತ್ರ ತಪ್ಪು. ಎಪಿಕ್ಟೆಟಸನ ಮನೆಯ ಕಬ್ಬಿಣದ ದೀಪವನ್ನು ಕಳ್ಳ ಹೊತ್ತೊಯ್ದಾಗ ಅವನು ನಾಳೆ ಮಣ್ಣಿನದು ತಂದರಾಯಿತು ಎಂದು ಸುಮ್ಮನಾದ. ಆತ ಸತ್ತ ಮೇಲೆ ಅವನ ಮಣ್ಣಿನ ದೀಪವನ್ನು ಒಬ್ಬ 3000 ದ್ರಾಖ್ಮಾ ಕೊಟ್ಟು ಕೊಂಡ. ರಾತ್ರಿ ಅದರ ಬೆಳಕಲ್ಲಿ ಓದಿದರೆ ಆ ವಿವೇಕ ತನಗೂ ಬಂದೀತು ಎಂಬ ಆಸೆ. ವಿಡಂಬನಕಾರ ಲೂಸಿಯನ್ ಇದನ್ನು ಬರೆದು ಗೇಲಿ ಮಾಡಿದ್ದಾನೆ. ಲೂಸಿಯನ್‌ಗೆ ದೂರದೃಷ್ಟಿ ಇರಲಿಲ್ಲ. ಕೊಂಡವನೇ ಇಂದಿನ ಮಗ್ಗಿನ ಮಾರುಕಟ್ಟೆಯ ಮೂಲಪುರುಷ.

ಆದರೆ ಈ ಸಂಪ್ರದಾಯಕ್ಕೆ ಒಬ್ಬ ಕುಲಗುರು ಬೇಕೆಂದರೆ ಅದು ಸೆನೆಕ. ಆಗಾಗ ಕೆಲವು ದಿನ ಒರಟು ಬಟ್ಟೆ ಉಟ್ಟು, ಅಗ್ಗದ ಊಟ ಮಾಡಿ, ‘ನಾನು ಹೆದರಿದ್ದು ಇದಕ್ಕೇನಾ?’ ಎಂದು ನಿಮ್ಮನ್ನೇ ಕೇಳಿಕೊಳ್ಳಿ ಎಂದು ಗೆಳೆಯನಿಗೆ ಪತ್ರ ಬರೆದವನು. ನಾಲ್ಕು ವರ್ಷದ ರಾಜಸೇವೆಯಲ್ಲಿ 30 ಕೋಟಿ ಸೆಸ್ಟರ್ಸ್ ಗಳಿಸಿದ್ದು ಯಾವ ತತ್ತ್ವಜ್ಞಾನದಿಂದ ಎಂದು ಅವನ ವಿರೋಧಿಯೊಬ್ಬ ಕೇಳಿದ್ದನ್ನು ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ಬ್ರಿಟನ್ನಿನ ಜನರ ಮೇಲೆ ಸೆನೆಕ ಹೇರಿದ್ದ 4 ಕೋಟಿ ಸೆಸ್ಟರ್ಸ್ ಸಾಲವನ್ನು ಒಮ್ಮೆಗೇ ವಾಪಸು ಕೇಳಿದ್ದು ಅಲ್ಲಿನ ರಾಣಿ ಬೌಡಿಕಾಳ ದಂಗೆಗೆ ಒಂದು ಕಾರಣ ಎಂದು ಇನ್ನೊಬ್ಬ ಇತಿಹಾಸಕಾರ ಡಿಯೊ ಬರೆದಿದ್ದಾನೆ. ಸಣ್ಣ ಮನಸ್ಸಿನವರು ಇದನ್ನು ಇಬ್ಬಂದಿತನ ಎನ್ನುತ್ತಾರೆ. ಸರಿಯಾಗಿ ನೋಡಿದರೆ ಇದು ಔದಾರ್ಯ: ಬಡತನದ ರುಚಿ ತಾನು ಆಗಾಗ ಕೆಲವೇ ದಿನ ನೋಡಿದ, ಬ್ರಿಟನ್ನಿನವರಿಗೆ ವರ್ಷವಿಡೀ ಉಣಬಡಿಸಿದ. ಇಂದಿಗೂ ಎಕರೆಗಟ್ಟಲೆ ರೆಸಾರ್ಟಿನಲ್ಲಿ ‘ಸರಳ ಬದುಕು’ ಶಿಬಿರ ನಡೆದಾಗ, ರಾಗಿ ಗಂಜಿಗೆ ದಿನಕ್ಕೆ ಇಷ್ಟು ಸಾವಿರ ಎಂದು ಬಿಲ್ ಬಂದಾಗ, ಕುಲಗುರುವಿನ ಆಶೀರ್ವಾದ ಕಾಣಿಸುತ್ತದೆ.

ಮನೆಮಠದ ವ್ಯವಹಾರಕ್ಕೆ ಬಂದರೆ ಶಂಕರಾಚಾರ್ಯರಷ್ಟು ಅನುಕೂಲಕ್ಕೆ ಬಂದವರು ಬೇರೆ ಇಲ್ಲ. ಅದ್ವೈತದಲ್ಲಿ ಸತ್ಯಕ್ಕೆ ಮಟ್ಟಗಳಿವೆ. ದಿನದ ಕೊಡು-ಕೊಳ್ಳುವಿಕೆಗೆ ವ್ಯಾವಹಾರಿಕ. ಬ್ರಹ್ಮವೊಂದೇ ಉಳಿಯುವಾಗ ಪಾರಮಾರ್ಥಿಕ. ಜ್ಞಾನ ಮೂಡುವವರೆಗೆ ವ್ಯವಹಾರವೂ ಸತ್ಯವೇ ಎಂದು ಆಚಾರ್ಯರು ಬಹಳ ಎಚ್ಚರದಿಂದ ಹೇಳಿದರು. ಶೃಂಗೇರಿಯ ವಿದ್ಯಾರ್ಥಿಗಳು ವರ್ಷಗಟ್ಟಲೆ ಕೂತು ಅರಗಿಸಿಕೊಳ್ಳುವ ಈ ಸೂಕ್ಷ್ಮವನ್ನು ಪ್ರತಿ ಮನೆಯಲ್ಲೂ ಒಬ್ಬ ಭಾವಮೈದುನ ಒಂದೇ ಸಂಜೆಯಲ್ಲಿ ಅರಗಿಸಿಕೊಂಡಿರುತ್ತಾನೆ. ಅವನು ಕೊಟ್ಟ ಐದು ಸಾವಿರ ವ್ಯಾವಹಾರಿಕ ಸತ್ಯ. ತಾರೀಖು, ಬಡ್ಡಿ, ಸಾಕ್ಷಿ ಸಮೇತ ಇದೆ. ಅವನು ತೆಗೆದುಕೊಂಡ ಎರಡು ಲಕ್ಷವನ್ನು ಪಾರಮಾರ್ಥಿಕ ದೃಷ್ಟಿಯಿಂದ ನೋಡಬೇಕು. “ಏನ್ ಭಾವ ನೀವು, ಬರೀ ದುಡ್ಡು ದುಡ್ಡು ಅಂತೀರಿ. ಹೋಗ್ತಾ ಏನ್ ತಗೊಂಡ್ ಹೋಗ್ತೀವಿ?” ಕೊಟ್ಟವನು ಇದಕ್ಕೆ ಎದುರಾಡಿದರೆ ಅವನಿಗಿನ್ನೂ ಜ್ಞಾನ ಮೂಡಿಲ್ಲ ಎಂದರ್ಥ. ಮೂಡುವವರೆಗೆ ಕಾಯಲು ಭಾವಮೈದುನನಿಗೆ ಅವಸರವೇನಿಲ್ಲ.

ಜೈನರ ಸ್ಯಾದ್ವಾದವನ್ನು ಉಳಿಸಿ ಬೆಳೆಸಿದ ಕೀರ್ತಿ ಫ್ಲ್ಯಾಟ್ ಕಟ್ಟುವವರದು. ಯಾವ ಮಾತೂ ಒಂದು ದೃಷ್ಟಿಯಿಂದಷ್ಟೇ ಸತ್ಯ ಎನ್ನುವ ಈ ದರ್ಶನ ಯಾವ ವಸ್ತುವಿನ ಬಗ್ಗೆಯೂ ಏಳು ಬಗೆಯಲ್ಲಿ ಮಾತಾಡಲು ಕಲಿಸುತ್ತದೆ. ಏಳನ್ನೂ ಒಟ್ಟಿಗೆ ಕೇಳಬೇಕೆಂದರೆ ಬಿಲ್ಡರ್ ಆಫೀಸಿಗೆ ಹೋಗಿ ‘ಮನೆ ಯಾವಾಗ ಕೊಡ್ತೀರಿ?’ ಎನ್ನಬೇಕು. ಬ್ರೋಷರಿನ ದೃಷ್ಟಿಯಿಂದ ಮನೆ ಇದೆ. ಸೈಟಿನಲ್ಲಿ ನಿಂತು ನೋಡಿದರೆ ಇಲ್ಲ. ಇದೆ ಮತ್ತು ಇಲ್ಲ: ಮಾಡೆಲ್ ಫ್ಲ್ಯಾಟ್ ಇದೆ, ನಿಮ್ಮದಿಲ್ಲ. ವಾಸಕ್ಕೆ ಬೇಕಾದ ಓಸಿ ಪತ್ರ ಯಾವಾಗ ಬರುತ್ತದೆ ಎಂದರೆ ಅದು ಅವಕ್ತವ್ಯ, ಮಾತಿಗೆ ನಿಲುಕದ್ದು. ಇದೆ ಮತ್ತು ಅವಕ್ತವ್ಯ: ಕಟ್ಟಡ ನಿಂತಿದೆ, ಕಾವೇರಿ ನೀರಿನ ಬಗ್ಗೆ ಹೇಳಲಾಗದು. ಇಲ್ಲ ಮತ್ತು ಅವಕ್ತವ್ಯ: ಲಿಫ್ಟ್ ಇಲ್ಲ, ಯಾಕಿಲ್ಲ ಎಂದು ಹೇಳಲಾಗದು. ಇದೆ, ಇಲ್ಲ, ಅವಕ್ತವ್ಯ: ಪ್ರಕರಣ ರೇರಾ ಪ್ರಾಧಿಕಾರದ ಮುಂದಿದೆ. ಇಷ್ಟು ವಿಶಾಲ ಮನಸ್ಸಿನ ಈ ದಾರ್ಶನಿಕರು ಒಂದೇ ಒಂದು ವಿಷಯದಲ್ಲಿ ಹಲವು ದೃಷ್ಟಿಯ ಅನೇಕಾಂತವನ್ನು ಬಿಟ್ಟು ಒಂದೇ ದೃಷ್ಟಿಯ ಏಕಾಂತಕ್ಕೆ ಬರುತ್ತಾರೆ. ಕಂತು ಐದನೇ ತಾರೀಖಿಗೆ, ತಪ್ಪಿದರೆ ಬಡ್ಡಿ.

ರಸ್ತೆಗಿಳಿದರೆ ಕಾಂಟ್ ಸಿಗುತ್ತಾನೆ. ಎಲ್ಲರಿಗೂ ನಿಯಮವಾಗಲಿ ಎಂದು ನೀನು ಬಯಸಬಲ್ಲ ರೀತಿಯಲ್ಲಿ ಮಾತ್ರ ನಡೆದುಕೋ ಎಂದು ಅವನು 1785ರಲ್ಲಿ ಬರೆದ. ಫುಟ್‌ಪಾತಿನ ಮೇಲೆ ಬೈಕ್ ಹತ್ತಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ: ಎಲ್ಲರೂ ಹೀಗೇ ಮಾಡಿದರೆ? ಹುಟ್ಟೂರು ಕ್ಯೋನಿಗ್ಸ್‌ಬರ್ಗ್ ಬಿಟ್ಟು ಹೆಚ್ಚು ದೂರ ಹೋಗದ ಕಾಂಟ್‌ಗೆ ಸಿಲ್ಕ್ ಬೋರ್ಡ್ ಜಂಕ್ಷನ್ ಗೊತ್ತಿರಲಿಲ್ಲ, ಆದ್ದರಿಂದ ಪ್ರಶ್ನೆಯನ್ನು ಕೇಳಿ ಅಲ್ಲಿಗೇ ನಿಲ್ಲಿಸಿದ. ಬೆಂಗಳೂರು ಉತ್ತರಿಸಿದೆ: “ಎಲ್ಲಾರೂ ಹಿಂಗೇ ಹೋಗ್ತಾರಲ್ಲ ಸಾರ್!” ಸಾರ್ವತ್ರಿಕ ನಿಯಮ ಎಂಬುದು ಇಷ್ಟು ಸಂಪೂರ್ಣವಾಗಿ ಜಾರಿಯಾದ ಇನ್ನೊಂದು ಊರನ್ನು ತೋರಿಸುವುದು ಕಷ್ಟ. ಎದುರಿನಿಂದ ಇನ್ನೊಬ್ಬ ರಾಂಗ್ ಸೈಡಿನಲ್ಲಿ ಬಂದಾಗ ಮಾತ್ರ, ಫುಟ್‌ಪಾತಿನ ಮೇಲಿನ ಸವಾರ ಹೆಲ್ಮೆಟ್ಟಿನ ಗಾಜು ಎತ್ತಿ ಮೂಲ ಕಾಂಟ್‌ನನ್ನೇ ಉಚ್ಚರಿಸುತ್ತಾನೆ: “ಈ ಜನಕ್ಕೆ ಶಿಸ್ತು ಅನ್ನೋದೇ ಇಲ್ಲ.”

ಬೆಂಥಮ್ ಅಡುಗೆಮನೆಗೆ ಹೇಳಿ ಮಾಡಿಸಿದವನು. ಸುಖದುಃಖಗಳನ್ನು ಕೂಡಿ ಕಳೆದು, ಹೆಚ್ಚು ಜನರಿಗೆ ಹೆಚ್ಚು ಸುಖ ಯಾವುದರಿಂದಲೋ ಅದೇ ಸರಿ ಎಂದವನು. ಲೆಕ್ಕದಲ್ಲಿ ರಾಜನೂ ಒಂದೇ, ಆಳೂ ಒಂದೇ ಎಂದು ಹಠ ಹಿಡಿದವನು. ಭಾನುವಾರದ ದೋಸೆಯ ಲೆಕ್ಕವನ್ನು ಅವನ ವಿಧಾನದಲ್ಲೇ ಮಾಡಲಾಗುತ್ತದೆ. ಮೇಜಿನ ಸುತ್ತ ಏಳು ಮಂದಿ, ಪ್ರತಿಯೊಬ್ಬರಿಗೂ ಗರಿಗರಿ, ಬಿಸಿಬಿಸಿ. ಕಾವಲಿಯ ಮುಂದೆ ಒಬ್ಬರು. ಅಮ್ಮನನ್ನು ಲೆಕ್ಕದಿಂದ ಬಿಟ್ಟಿದ್ದಾರೆ ಎಂಬ ಆರೋಪ ಸುಳ್ಳು. ಅವರನ್ನೂ ಪೂರ್ತಿ ಒಂದು ಎಂದೇ ಎಣಿಸಲಾಗಿದೆ. ಏಳರ ಎದುರು ಒಂದು ಸೋಲುವುದಕ್ಕೆ ಬೆಂಥಮ್ ಏನು ಮಾಡಿಯಾನು? ಅಮ್ಮನಿಗೆ ಪಾಪ ಇದಾವುದೂ ತಿಳಿಯದು. ದರ್ಶನಗಳ ಬಗ್ಗೆ ಅವರನ್ನು ಯಾರೂ ಕೇಳಿಲ್ಲ. ಫಲ ಬಯಸದೆ ಕೆಲಸ ಮಾಡುವುದು, ಕೊನೆಗೆ ಉಳಿದದ್ದನ್ನು ತಿನ್ನುವುದು, ಇಷ್ಟು ಮಾತ್ರ ಗೊತ್ತು.

ಮಕ್ಕಳನ್ನು ಬೆಳೆಸುವ ವಿಚಾರದಲ್ಲಿ ಪ್ರತಿ ಕುಟುಂಬದಲ್ಲೂ ಒಬ್ಬ ರೂಸೋ ಇರುತ್ತಾರೆ. ಮೂಲ ರೂಸೋ 1762ರಲ್ಲಿ ಶಿಕ್ಷಣದ ಬಗ್ಗೆ ‘ಎಮೀಲ್’ ಎಂಬ ದೊಡ್ಡ ಗ್ರಂಥ ಬರೆದ. ಅದಕ್ಕೆ ಮೊದಲೇ ತನ್ನ ಐದು ಮಕ್ಕಳನ್ನು ಹುಟ್ಟಿದ ಹಾಗೇ ಪ್ಯಾರಿಸ್ಸಿನ ಅನಾಥಾಲಯಕ್ಕೆ ಕಳಿಸಿ ಬರೆಯಲು ಬಿಡುವು ಮಾಡಿಕೊಂಡಿದ್ದ. ನಮ್ಮ ದೊಡ್ಡಪ್ಪಂದಿರು ಅಷ್ಟು ದೂರ ಹೋಗುವುದಿಲ್ಲ. ತಮ್ಮ ಮಕ್ಕಳನ್ನು ಹೆಂಡತಿಯ ಕೈಗೆ ಬಿಟ್ಟು, ತಮ್ಮನ ಮಕ್ಕಳ ಬಗ್ಗೆ ಉಪದೇಶ ಮಾಡುತ್ತಾರೆ.

ಇನ್ನು ಮಾರ್ಕಸ್ ಅರೇಲಿಯಸ್. ರೋಮಿನ ಈ ಚಕ್ರವರ್ತಿ ದಂಡಯಾತ್ರೆಯ ಬಿಡಾರಗಳಲ್ಲಿ ಕೂತು ಗ್ರೀಕಿನಲ್ಲಿ ಬರೆದುಕೊಂಡ ಟಿಪ್ಪಣಿಗಳು ತನಗಾಗಿ ಮಾತ್ರ. ಮುಂಜಾನೆ ಹಾಸಿಗೆ ಬಿಡಲು ಮನಸ್ಸಾಗದಾಗ ತನ್ನನ್ನೇ ಗದರಿಸಿಕೊಂಡದ್ದೂ ಅದರಲ್ಲಿದೆ. ಅರ್ಧ ಜಗತ್ತು ಕೈಯಲ್ಲಿದ್ದವನು ಗದರಲು ತನ್ನನ್ನು ಬಿಟ್ಟು ಬೇರೆ ಯಾರನ್ನೂ ಹುಡುಕಿಕೊಳ್ಳಲಿಲ್ಲ ಎಂಬುದು ಆಡಳಿತದ ಲೋಪ. ನಾವು ಅದನ್ನು ಸರಿಪಡಿಸಿದ್ದೇವೆ. ಬೆಳಗಿನ ಐದಕ್ಕೆ ಆ ಮಾತು ಸೂರ್ಯೋದಯದ ಚಿತ್ರದ ಮೇಲೆ ಕುಳಿತು ಫ್ಯಾಮಿಲಿ ಗ್ರೂಪಿಗೆ ಬರುತ್ತದೆ. ಕಳಿಸಿದವರು ಹೊದಿಕೆ ಎಳೆದುಕೊಂಡು ಎಂಟರವರೆಗೆ ಮಲಗುತ್ತಾರೆ.

ಇಷ್ಟೆಲ್ಲ ಪರರಿಗೆ ಹಂಚಿದ ಮೇಲೆ ನಮಗೇನು ಉಳಿಯಿತು ಎಂದು ಯಾರಾದರೂ ಮರುಗಬಹುದು. ಚಾರ್ವಾಕ ಉಳಿದಿದ್ದಾನೆ. ಅವನ ಮೂಲಸೂತ್ರಗಳು ಕಳೆದುಹೋದವು. ಸಾಲ ಮಾಡಿಯಾದರೂ ತುಪ್ಪ ತಿನ್ನು ಎಂಬ ಅವನ ಹೆಸರಿನ ಮಾತು ಕೂಡ 14ನೇ ಶತಮಾನದ ‘ಸರ್ವದರ್ಶನ ಸಂಗ್ರಹ’ದಲ್ಲಿ ಖಂಡನೆಗಾಗಿ ಎತ್ತಿಕೊಂಡಿದ್ದರಿಂದ ಉಳಿದದ್ದು. ಅವನ ಹೆಸರಿನಲ್ಲಿ ಶಿಬಿರವಿಲ್ಲ, ಫಾರ್ವರ್ಡ್ ಇಲ್ಲ, ಮಗ್ಗೂ ಇಲ್ಲ. ಆದರೆ ಸೆನೆಕನ ಮಗ್ಗನ್ನು ಕೊಂಡ ಕ್ರೆಡಿಟ್ ಕಾರ್ಡು ಅವನದೇ. ಒಂದು ದರ್ಶನ ನಿಜವಾಗಿ ದಿನಬಳಕೆಗೆ ಇಳಿದಿದೆ ಎಂಬುದಕ್ಕೆ ಗುರುತು ಇದು: ಅದನ್ನು ಯಾರೂ ಯಾರಿಗೂ ಉಪದೇಶಿಸುವುದಿಲ್ಲ.

ಒಂದು ಎಚ್ಚರಿಕೆ ಹೇಳದಿದ್ದರೆ ಈ ಹೊಗಳಿಕೆ ಅಪೂರ್ಣ. ಮದ್ದನ್ನು ಒಳಗೆ ತೆಗೆದುಕೊಂಡ ಕೆಲವರು ಇದ್ದರು. ಅವರ ಗತಿ ಎಲ್ಲರಿಗೂ ಪಾಠ. ಸಾಕ್ರಟೀಸ್ ಪರೀಕ್ಷೆಗೊಳಪಡದ ಬದುಕು ಬದುಕೇ ಅಲ್ಲ ಎಂದು ತನ್ನ ಬದುಕನ್ನೂ ಪರೀಕ್ಷೆಗೆ ಒಡ್ಡಿದ, ಕ್ರಿ.ಪೂ. 399ರಲ್ಲಿ ಸೆರೆಮನೆಯಿಂದ ಓಡಿಸಲು ಗೆಳೆಯ ಕ್ರೀಟೋ ಎಲ್ಲ ಏರ್ಪಾಟು ಮಾಡಿದ್ದರೂ ತನ್ನ ವಾದಕ್ಕೆ ತಾನೇ ಕಟ್ಟುಬಿದ್ದು ವಿಷ ಕುಡಿದ. ಸ್ಪಿನೋಜ 1673ರಲ್ಲಿ ಹೈಡಲ್‌ಬರ್ಗ್ ವಿಶ್ವವಿದ್ಯಾಲಯ ಕರೆದು ಕೊಟ್ಟ ಪ್ರಾಧ್ಯಾಪಕ ಹುದ್ದೆಯನ್ನು, ಯೋಚನೆಯ ಸ್ವಾತಂತ್ರ್ಯ ಹೋದೀತೆಂದು ಬಿಟ್ಟ. ಮಸೂರ ಉಜ್ಜುತ್ತಾ ಬಾಳಿ 44ಕ್ಕೇ ತೀರಿಕೊಂಡ. ನಮ್ಮ ಕುಲಗುರು ಸೆನೆಕನನ್ನೇ ನೋಡಿ. ಬಹುಕಾಲ ಬರೆದೂ ಬರೆದೂ ಚೆನ್ನಾಗಿದ್ದ. ಸಾವಿಗೆ ಅಂಜಬೇಡಿ ಎಂಬ ತನ್ನ ಉಪದೇಶವನ್ನು ಕ್ರಿ.ಶ. 65ರಲ್ಲಿ ಚಕ್ರವರ್ತಿ ನೀರೋನ ಅಪ್ಪಣೆಯ ಮೇರೆಗೆ ಒಂದೇ ಒಂದು ಸಲ ತನ್ನ ಮೇಲೆ ಪ್ರಯೋಗಿಸಿಕೊಂಡ. ಅಂದೇ ಸತ್ತ.

ಆದ್ದರಿಂದ ಸಹನೆಯನ್ನು ಕೈಕೆಳಗಿನವರಿಗೂ, ವೈರಾಗ್ಯವನ್ನು ಸಾಲ ಕೊಟ್ಟವರಿಗೂ, ಶಿಸ್ತನ್ನು ಎದುರಿಂದ ಬರುವವರಿಗೂ, ತ್ಯಾಗವನ್ನು ಅಡುಗೆಮನೆಯಲ್ಲಿರುವವರಿಗೂ ಎಂದಿನಂತೆ ಹಂಚುತ್ತಿರೋಣ. ಕೈತಪ್ಪಿ ಯಾರಾದರೂ ಒಂದು ತತ್ತ್ವವನ್ನು ನಿಮಗೇ ನೇರವಾಗಿ ಕಳಿಸಿದರೆ ಗಾಬರಿಯಾಗಬೇಡಿ. ಎರಡು ಸಲ ಓದಬೇಡಿ. ಕೈಮುಗಿಯುವ ಚಿಹ್ನೆಯೊಂದನ್ನು ಹಾಕಿ, ಯಾರಿಗೆ ಇದರ ಅಗತ್ಯವಿದೆ ಎಂದು ಒಂದು ಕ್ಷಣ ಯೋಚಿಸಿ. ಹೆಸರು ತಾನಾಗಿಯೇ ಹೊಳೆಯುತ್ತದೆ, ನಿಮ್ಮದಂತೂ ಆಗಿರುವುದಿಲ್ಲ.