ಹದಿನಾರು ಕಡ್ಡಿಗಳ ಜಾತಕ

ಮಿಶಿಗನ್ನಿನ ನಮ್ಮ ಪಕ್ಕದ ಮನೆಯಾತನ ಹತ್ತಿರ 1970ರ ಶೆವೆಲ್ ಕಾರು ಇದೆ. ಒಳಗಿರುವುದು 454 ಘನ ಇಂಚಿನ ಬಿಗ್ ಬ್ಲಾಕ್ ಎಂಜಿನ್. ಒಂಬತ್ತು ಮಾರುತಿ 800 ಸೇರಿಸಿದರೂ ಒಂದು ಚೂರು ಕಮ್ಮಿ.

ಅದಕ್ಕೆ ಹೊಸ ಪುಶ್‌ರಾಡ್, ಅಂದರೆ ವಾಲ್ವು ತೆರೆಯಲು ತಳ್ಳುವ ಕಡ್ಡಿಗಳು, ಬೇಕಿತ್ತು. ಕಡ್ಡಿ ತಾನೇ, ಹದಿನಾರು ತಂದರಾಯಿತು ಎಂದೆ. ಮೊಸರನ್ನಕ್ಕೆ ಕೆಚಪ್ ಕೇಳಿದವನನ್ನು ನೋಡುವ ಹಾಗೆ ನೋಡಿದ.

ಈ ಎಂಜಿನ್ನಿನ ವಾಲ್ವುಗಳು ಜಗಳವಾಡಿದ ಓರಗಿತ್ತಿಯರಂತೆ ಬೇರೆ ಬೇರೆ ಕಡೆ ವಾಲಿವೆ. ಅದಕ್ಕೇ ಮುಳ್ಳುಹಂದಿ ಅಂತ ಅಡ್ಡಹೆಸರು. ಇನ್‌ಟೇಕಿನ ಎಂಟು ಕಡ್ಡಿ ಸುಮಾರು 8.28 ಇಂಚು, ಎಕ್ಸಾಸ್ಟಿನವು 9.25. ಅದೂ ಕಂಪನಿ ಕೊಟ್ಟ ಹಾಗೇ ಇದ್ದರೆ. ಕ್ಯಾಮ್ ಬದಲಾಯಿಸಿದ್ದರೆ, ಹೆಡ್ ಉಜ್ಜಿಸಿದ್ದರೆ ಲೆಕ್ಕ ಮೊದಲಿಂದ.

ತಿರುಪಿದರೆ ಉದ್ದವಾಗುವ ಅಳತೆಕಡ್ಡಿ ಇಟ್ಟು, ವಾಲ್ವಿನ ತುದಿಗೆ ಮಾರ್ಕರ್ ಮಸಿ ಬಳಿದು, ಎಂಜಿನ್ನನ್ನು ಕೈಯಲ್ಲೇ ತಿರುಗಿಸಿ, ರಾಕರ್ ಬಿಚ್ಚಿ ನೋಡಬೇಕು. ಉಜ್ಜಿದ ಗುರುತು ಸಪೂರವಾಗಿ ನಟ್ಟನಡುವೆ ಬಿದ್ದರೆ ಪಾಸು. ನಮ್ಮದು ವಿಭೂತಿ ಪಟ್ಟೆಯಷ್ಟು ಅಗಲ. ಇನ್ನೊಂದು ಸುತ್ತು ತಿರುಪು, ಮತ್ತೆ ಮಸಿ. ಮತ್ತೂ ಮಸಿ.

ಊರಿಂದ ಬಂದಿದ್ದ ಮಾವ ಕುರ್ಚಿ ಹಾಕಿಕೊಂಡು ಕೂತಿದ್ದರು. "ನಿಮ್ಮ ಜಾತಕ ಕೂಡಿಸೋಕೂ ನಾವು ಇಷ್ಟು ಹೊತ್ತು ತಗೊಂಡಿರಲಿಲ್ಲ, ಅಳಿಯಂದ್ರೇ," ಎಂದರು. ಆಮೇಲೆ ತಾವೇ ಎದ್ದು ಬಂದು, ಹಳೆಯ ಕಡ್ಡಿಯೊಂದನ್ನು ಗಾಜಿನ ಮೇಲೆ ಉರುಳಿಸಿ, ಒಂದು ಕಣ್ಣು ಮುಚ್ಚಿ ನೋಡಿ, "ಇದು ಸೊಟ್ಟ" ಎಂದು ತೀರ್ಪು ಕೊಟ್ಟರು.

ಸೊಟ್ಟವೇ ಆಗಿತ್ತು. ಉಳಿದ ಹದಿನೈದನ್ನೂ ಅವರಿಗೇ ಒಪ್ಪಿಸಿ ನಾನು ಕಾಫಿಗೆ ಹೋದೆ.