ದೊರೆಸಾನಿಯ ನೆಲುವು

ನನ್ನ ತವರುಮನೆಯ ಅಡುಗೆಮನೆಯಲ್ಲಿ ಜಂತೆಯಿಂದ ಒಂದು ನೆಲುವು ಇಳಿಬಿದ್ದಿತ್ತು. ಕೆಳಗೆ ಹಾಲಿನ ಗಡಿಗೆ, ಅದರ ಮೇಲೆ ಮೊಸರು, ಎಲ್ಲಕ್ಕೂ ಮೇಲೆ ಬೆಣ್ಣೆ. ತಿನ್ನುವ ವಸ್ತುವನ್ನು ಬೆಕ್ಕಿಗೂ ಮಕ್ಕಳಿಗೂ ಎಟುಕದ ಹಾಗೆ ಇಡುವುದು ನೆಲುವಿನ ಧರ್ಮ. ಆ ಧರ್ಮ ತಿಳಿದೇ ಬೆಳೆದ ನಾನು, ಅರವತ್ತಾರನೆಯ ವಯಸ್ಸಿನಲ್ಲಿ, ಅಮೆರಿಕದ ಓಹಾಯೊದಲ್ಲಿ ಮಗಳ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ನಿಂತು, ತಿನ್ನುವವರ ಮೂತಿಯ ಮುಂದೆಯೇ ನೆಲುವು ಕಟ್ಟಬೇಕಾಗಿ ಬಂತು.

ಮಗಳು, ಅಳಿಯ ಊರಾಚೆ ಐದು ಎಕರೆ ಜಾಗದ ಮನೆ ಕೊಂಡರು ಅಂದಾಗ ನಮ್ಮವರು ಮೊದಲು ಕೇಳಿದ್ದು, “ರಾಗಿ ಬರುತ್ತೇನಮ್ಮ?” ಅಂತ. ರಾಗಿ ಬರಲಿಲ್ಲ, ಕುದುರೆ ಬಂದವು. ಮೊಮ್ಮಗಳ ಹಠ. ಒಂದೇ ಆದರೆ ಕೊರಗುತ್ತದಂತೆ, ಆದ್ದರಿಂದ ಎರಡು. ಕುದುರೆ ಅಂದರೆ ನೀವು ಮೈಸೂರು ದಸರೆಯ ಅಶ್ವದಳವನ್ನು ನೆನೆಯಬೇಡಿ. ಇವು ಮಿನಿಯೇಚರ್ ಕುದುರೆಗಳು. ಅಲ್ಲಿ ಇವುಗಳಿಗೆಂದೇ 1978ರಲ್ಲಿ ಹುಟ್ಟಿದ ಒಂದು ಸಂಘವಿದೆ. ಜೂಲಿನ ಕೊನೆಯ ಕೂದಲಿನ ಬಳಿ ಅಳೆದರೆ 34 ಇಂಚು ಮೀರಬಾರದು ಅಂತ ಅದರ ಕಟ್ಟಳೆ. ಅಂದರೆ ನಮ್ಮ ಊಟದ ಮೇಜಿಗಿಂತ ಒಂದು ಹಿಡಿ ಎತ್ತರ. ಗಂಡಿನ ಹೆಸರು ಪೀನಟ್. ಹೆಣ್ಣಿನ ಹೆಸರು ಡಚೆಸ್. ಅದರ ನಡಿಗೆ, ಅದರ ಕತ್ತಿನ ಕೊಬ್ಬು ನೋಡಿದ ಮೊದಲ ದಿನವೇ ನಾನು ಕನ್ನಡ ಮಾಡಿಬಿಟ್ಟೆ: ದೊರೆಸಾನಿ.

ಕತ್ತಿನ ಕೊಬ್ಬು ಅಂದೆನಲ್ಲ, ಕಥೆ ಶುರುವಾಗುವುದೇ ಅಲ್ಲಿಂದ. ನೀರು ಕುಡಿದರೂ ಮೈಗೆ ಹತ್ತುತ್ತದೆ ಅಂತ ನಾವು ಹೆಂಗಸರು ಹೇಳಿಕೊಳ್ಳುತ್ತೇವೆ, ಯಾರೂ ನಂಬುವುದಿಲ್ಲ. ಈ ಜಾತಿಯ ಕುದುರೆ ವಿಷಯದಲ್ಲಿ ಮಾತ್ರ ಡಾಕ್ಟರೇ ಒಪ್ಪುತ್ತಾರೆ. ಇವಕ್ಕೆ ಬಹಳ ಕಡಿಮೆ ಮೇವು ಸಾಕು. ಹೆಚ್ಚಾದರೆ ಬೊಜ್ಜು, ಬೊಜ್ಜಿನ ಹಿಂದೆ ಇನ್ಸುಲಿನ್ ಏರುಪೇರು, ಅದರ ಹಿಂದೆ ಗೊರಸಿನೊಳಗೆ ಊತ. ಊತ ಹೆಚ್ಚಾದರೆ ಒಳಗಿನ ಮೂಳೆಯೇ ಜರುಗಿ ಕುದುರೆ ನಿಲ್ಲಲಾರದೆ ಹೋಗುತ್ತದೆ. ಹಸಿ ಹುಲ್ಲಿನಲ್ಲಿ ಸಕ್ಕರೆ ಅಂಶ ಜಾಸ್ತಿ. ಹಾಗಾಗಿ ಕಣ್ಣ ಮುಂದೆ ಐದು ಎಕರೆ ಹಸಿರು, ಇವೆರಡು ಮಾತ್ರ ಬೇಲಿಯೊಳಗಿನ ಬೋಳು ಮಣ್ಣಿನಲ್ಲಿ. ದಿನಕ್ಕೆ ಒಂದು ಗಂಟೆ ಹೊರಗೆ ಬಿಟ್ಟರೂ ಬಾಯಿಗೆ ಕುಕ್ಕೆ, ನಮ್ಮ ಕಣದಲ್ಲಿ ಎತ್ತುಗಳಿಗೆ ಹಾಕುತ್ತಿದ್ದಂಥದ್ದೇ. ನಮ್ಮವರಿಗೆ ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆ. ಮದುವೆ ಮನೆಯಲ್ಲಿ ಹೋಳಿಗೆಯ ತಟ್ಟೆ ಪಕ್ಕದ ಎಲೆಗೆ ಹೋಗುವುದನ್ನು ನೋಡಿ ನೋಡಿ ಸವೆದ ಕಣ್ಣು ಅವರದು. ಬೇಲಿಯ ಬಳಿ ಹೋಗಿ ದೊರೆಸಾನಿಯನ್ನು ನೋಡಿದರು, ಅದು ಇವರನ್ನು ನೋಡಿತು. ಆ ಕ್ಷಣದಿಂದ ಅವರಿಬ್ಬರೂ ಒಂದು ಪಕ್ಷ.

ಹಾಗಾದರೆ ಉಪವಾಸ ಹಾಕಿದರಾಯಿತಲ್ಲ ಅಂದೆ ನಾನು. ಏಕಾದಶಿ ಮಾಡಿ ಗೊತ್ತಿದ್ದವಳು.

“ಅಮ್ಮ, ಅದಕ್ಕೆ ಉಪವಾಸ ಹಾಕಿದ್ರೆ ಸತ್ತೇ ಹೋಗತ್ತೆ” ಅಂದಳು ಮಗಳು.

ಉತ್ಪ್ರೇಕ್ಷೆಯಲ್ಲವಂತೆ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತದೆ, ಅದನ್ನು ತಣಿಸುವ ಜೊಲ್ಲು ಮಾತ್ರ ಅಗಿಯುವಾಗಷ್ಟೇ ಬರುತ್ತದೆ. ಬಾಯಿ ಖಾಲಿ ಇದ್ದಷ್ಟು ಹೊತ್ತೂ ಹೊಟ್ಟೆಯಲ್ಲಿ ಹುಣ್ಣಿಗೆ ಮುಹೂರ್ತ. ಇನ್ನು ಇಂಥ ಕೊಬ್ಬಿದ ಪುಟ್ಟ ಜಾತಿಯನ್ನು ಇದ್ದಕ್ಕಿದ್ದ ಹಾಗೆ ಹಸಿವಿಗೆ ಕೆಡವಿದರೆ ಮೈಯ ಕೊಬ್ಬೆಲ್ಲ ಕರಗಿ ಒಮ್ಮೆಗೇ ರಕ್ತಕ್ಕೆ ನುಗ್ಗಿ ಪಿತ್ತಜನಕಾಂಗ ಕೆಡುತ್ತದೆ. ತಿಂದರೂ ಕಷ್ಟ, ಬಿಟ್ಟರೂ ಕಷ್ಟ. ಡಾಕ್ಟರು ಹೇಳಿದ್ದು ತೂಕದ ನೂರಕ್ಕೆ ಒಂದೂವರೆ ಪಾಲು ಒಣಹುಲ್ಲು. ದೊರೆಸಾನಿ ಸುಮಾರು 100 ಕೆ.ಜಿ., ಆದ್ದರಿಂದ ದಿನಕ್ಕೆ 1.5 ಕೆ.ಜಿ. ಅದನ್ನು ನೆಲಕ್ಕೆ ಹಾಕಿದರೆ ನಮ್ಮವರು ಉಪ್ಪಿಟ್ಟು ಮುಗಿಸುವ ವೇಗದಲ್ಲಿ ಮುಗಿಸಿ, ಉಳಿದ ದಿನವೆಲ್ಲ ಬೇಲಿಯ ಮರ ಕಡಿಯುತ್ತ ನಿಲ್ಲುತ್ತಿತ್ತು.

ಈ ಇಕ್ಕಟ್ಟಿಗೆ ಅಲ್ಲಿಯ ಜನ ಕಂಡುಕೊಂಡ ಉಪಾಯವೇ ನಿಧಾನದ ಬಲೆ. “ಅಮ್ಮ, ಹೇ ನೆಟ್ ಕೊಡು” ಅಂತ ಮಗಳು ಮೊದಲ ಸಲ ಕೂಗಿದಾಗ ಹಿಂದೆ ಯಾರಿದ್ದಾರೆ ಅಂತ ತಿರುಗಿ ನೋಡಿದೆ. ಕಪ್ಪು ನೈಲಾನು ದಾರದ ಚೀಲ, ಮೈತುಂಬ ಒಂದೊಂದು ಇಂಚಿನ ಕಣ್ಣು, ಬಾಯಿಗೆ ಎಳೆದು ಕಟ್ಟುವ ಹಗ್ಗ. ಇದಕ್ಕೆ ಹುಲ್ಲು ತುಂಬಿ ಕಟ್ಟಿದರೆ ಕುದುರೆ ಒಂದೊಂದು ಕಣ್ಣಿನಿಂದ ನಾಲ್ಕು ನಾಲ್ಕು ಎಳೆ ಕಿತ್ತು ತಿನ್ನಬೇಕು. ಮಿನ್ನೆಸೋಟ ವಿಶ್ವವಿದ್ಯಾಲಯದವರು ದೊಡ್ಡ ಕುದುರೆಗಳ ಮೇಲೆ ಇದನ್ನು ಪರೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದ್ದಾರೆ: ನೆಲದ ಮೇಲೆ 3 ಗಂಟೆ ಚಿಲ್ಲರೆಯಲ್ಲಿ ಮುಗಿದ ಹುಲ್ಲು, ಒಂದೂಕಾಲು ಇಂಚು ಕಣ್ಣಿನ ಬಲೆಯಲ್ಲಿ ಆರೂವರೆ ಗಂಟೆ ಬಂತಂತೆ. ಅಳಿಯಂದಿರು ಇದನ್ನು ಓದಿ ಹೇಳಿದಾಗ ನಮ್ಮವರು ನನ್ನ ಕಡೆ ಅನುಮಾನದಿಂದ ನೋಡಿದರು. ಚಪಾತಿಗೂ ಬಲೆ ಹಾಕಿಯಾಳು ಅನ್ನುವ ಭಯ.

ಆದರೆ ಆ ಬಲೆಗೆ ಹುಲ್ಲು ತುಂಬುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಪರೀಕ್ಷೆ ಮಾಡಿದವರು ಯಾರಾದರೂ ಇದ್ದಾರೆಯೇ? ಒಬ್ಬರೇ ದಿಂಬಿಗೆ ಗೌಸು ಹಾಕಿ ನೋಡಿ. ಆ ದಿಂಬು ಗಾಳಿಗೆ ಹಾರುವ ಕಡ್ಡಿಯದಾಗಿರಲಿ. ಆ ಗೌಸು ತನ್ನ ಮೈಯೆಲ್ಲ ತೂತಾಗಿ ನಿಮ್ಮ ಸ್ವೆಟರಿನ ಗುಂಡಿಗೂ ಕೈಬಳೆಗೂ ಸಿಕ್ಕಿಕೊಳ್ಳಲಿ. ಮೊದಲ ವಾರ ಬಲೆಯೊಳಗೆ ಹೋದದ್ದಕ್ಕಿಂತ ನನ್ನ ಜಡೆಯೊಳಗೆ ಹೋದದ್ದೇ ಹೆಚ್ಚು. ಕೊನೆಗೆ ಮೊಮ್ಮಗಳು ದೊಡ್ಡ ಪ್ಲಾಸ್ಟಿಕ್ ಟಬ್ಬಿನೊಳಗೆ ಬಲೆಯನ್ನಿಟ್ಟು, ಅದರ ಬಾಯಿಯನ್ನು ಟಬ್ಬಿನ ಅಂಚಿಗೆ ಮಡಿಸಿ, ಒಂಬತ್ತು ವರ್ಷದವಳ ತಾಳ್ಮೆಯಿಂದ ತೋರಿಸಿಕೊಟ್ಟಳು. “ಅಜ್ಜಿ, ಹೀಗೆ. ಡಸ್ಟ್‌ಬಿನ್ ಕವರ್ ಥರ.” ಇಷ್ಟೆಲ್ಲ ಆಗಿಯೂ ಎರಡು ಕುದುರೆಗೆ ಎರಡು ಹೊತ್ತಿಗೆ ನಾಲ್ಕು ಬಲೆ. ಕುದುರೆ ತಿನ್ನುವುದು ನಿಧಾನವಾಗಲಿ ಅಂತ ತಂದದ್ದು, ನಿಧಾನವಾದದ್ದು ನಮ್ಮ ಮನೆಯ ತಿಂಡಿ.

ತೂಕ ಮಾಡುವುದು ನಮ್ಮವರ ಇಲಾಖೆ. ಸಾಧನ, ನಾವು ಬೆಂಗಳೂರಿನಿಂದ ಒಯ್ದಿದ್ದ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ. ಅಲ್ಲಿ ಹುಲ್ಲಿನ ಪಿಂಡಿಯನ್ನು ಯಂತ್ರ ಒತ್ತಿ ಇಟ್ಟಿಗೆಯ ಆಕಾರಕ್ಕೆ ತಂದು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ದಾರದಲ್ಲಿ ಬಿಗಿಯುತ್ತದೆ. ಅವರು ಮೊದಲ ದಿನ ಒಂದು ಪಿಂಡಿಯನ್ನೇ ಕೊಕ್ಕೆಗೆ ಸಿಕ್ಕಿಸಿ ಎತ್ತಿ, “23 ಕೆ.ಜಿ. ಕಣೇ! ವಿಮಾನದವರ ಲೆಕ್ಕಕ್ಕೆ ಸರಿಯಾಗಿದೆ!” ಅಂತ ಕೂಗಿದರು. ಉಪ್ಪಿನಕಾಯಿ ಬಾಟಲಿಗಾಗಿ ನೂರು ಗ್ರಾಮು ಹೆಚ್ಚುಕಡಿಮೆ ಮಾಡಿ ಪಳಗಿದ ಕೈ, 750 ಗ್ರಾಮು ಹುಲ್ಲನ್ನು ಚಿನ್ನದಂಗಡಿಯವರ ಹಾಗೆ ತೂಗುತ್ತಿತ್ತು.

ಬಲೆಯ ಮುಂದೆ ದೊರೆಸಾನಿಯನ್ನು ನೋಡಬೇಕು. ಮೊದಲ ದಿನ ಬಲೆಯನ್ನು ಹಣೆಯಿಂದ ಗುದ್ದಿತು. ಆಮೇಲೆ ಹಗ್ಗ ಕಚ್ಚಿ ಎಳೆಯಿತು. ನಮ್ಮ ಕಡೆ ತಿರುಗಿ ಮೂಗಿನಿಂದ ಒಂದು ಶಬ್ದ ಮಾಡಿತು, ಅದರ ಅರ್ಥ ಹೇಳುವುದು ಬೇಡ. ಮೂರನೆಯ ದಿನಕ್ಕೆ ಮೇಲ್ದುಟಿಯನ್ನು ಬೆರಳಿನ ಹಾಗೆ ಆಡಿಸಿ ಕಣ್ಣೊಳಗಿನ ಎಳೆಯನ್ನು ಮೀಟಿ ಎಳೆಯುವುದು ಕಲಿತಿತು, ಶಾವಿಗೆ ಒರಳಿನಿಂದ ಎಳೆ ಇಳಿಯುವ ಹಾಗೆ. ಪೀನಟ್ ಇದ್ಯಾವುದನ್ನೂ ಕಲಿಯಲಿಲ್ಲ. ತನ್ನ ಬಲೆಯನ್ನು ಬಿಟ್ಟು ದೊರೆಸಾನಿಯ ಬಲೆಯ ಕೆಳಗೆ ಹೋಗಿ ನಿಂತು, ಅದು ರಭಸದಲ್ಲಿ ಎಳೆದಾಗ ಉದುರಿದ್ದನ್ನು ಮೇಯ್ದು, ದೊರೆಸಾನಿ ದಣಿದ ಮೇಲೆ ತನ್ನದಕ್ಕೆ ಬರುತ್ತಿತ್ತು. ಇಂಥ ಒಬ್ಬರು ನಮ್ಮ ಕಡೆ ಪ್ರತಿ ಕುಟುಂಬದಲ್ಲೂ ಇರುತ್ತಾರೆ, ಹೆಸರು ಬೇಡ.

ಅಲ್ಲಿಯ ಕಾನೂನಿನಲ್ಲಿ, ತರಬೇತಾದ ಮಿನಿಯೇಚರ್ ಕುದುರೆ ಅಂಗವಿಕಲರ ಸಹಾಯಕ್ಕೆಂದು 2011ರಿಂದ ಅಂಗಡಿ ಹೋಟೆಲ್ಲುಗಳೊಳಗೂ ಹೋಗಬಹುದು. ಇದನ್ನು ಕೇಳಿದ ನಮ್ಮವರ ಪ್ರಶ್ನೆ ಒಂದೇ: “ಅಲ್ಲಾದ್ರೂ ತಟ್ಟೇಲಿ ಕೊಡ್ತಾರೋ, ಬಲೇಲೇ ಕೊಡ್ತಾರೋ?”

ಎರಡನೆಯ ತಿಂಗಳಲ್ಲಿ ಒಂದು ವಿಚಿತ್ರ ನಡೆಯಿತು. ಬೆಳಗ್ಗೆ ಏಳಕ್ಕೆ ಕಟ್ಟಿದ ದೊರೆಸಾನಿಯ ಬಲೆ ಎಂಟಕ್ಕೆಲ್ಲ ಖಾಲಿ. ಮರುದಿನವೂ ಹಾಗೇ. ಕಚ್ಚಿ ಹರಿದಿದೆ ಅಂತ ಅಳಿಯಂದಿರು. ಮಗಳು ಬಲೆಯನ್ನು ಬೆಳಕಿಗೆ ಹಿಡಿದಳು. ಹಿಂಬದಿಯಲ್ಲಿ, ಗೋಡೆಯ ಕಡೆ ಬರುವ ಜಾಗದಲ್ಲಿ, ನಾಲ್ಕು ಕಣ್ಣು ಸೇರಿ ಒಂದಾಗಿತ್ತು. ದಾರದ ತುದಿಗಳು ನೀಟಾಗಿದ್ದವು.

“ಇದು ಹಲ್ಲಿನ ಕೆಲಸ ಅಲ್ಲ, ಕತ್ತರಿ ಕೆಲಸ” ಅಂದಳು.

ನಮ್ಮವರು ತುಂಬ ಆಸಕ್ತಿಯಿಂದ ಆಕಾಶ ನೋಡುತ್ತಿದ್ದರು.

ಮಗಳು ಸಿಟ್ಟಾದಳು, ಅದು ನ್ಯಾಯವೇ. ಒಂದಿಂಚಿನ ಕಣ್ಣಿಗೆ ಗೊರಸು ಹೋಗುವುದಿಲ್ಲ, ದೊಡ್ಡ ತೂತಿಗೆ ಹೋಗುತ್ತದೆ. ಬಲೆ ಖಾಲಿಯಾದಷ್ಟೂ ಜೋತುಬಿದ್ದು ಕಾಲಿಗೆ ಹತ್ತಿರವಾಗುತ್ತದೆ. ಸಿಕ್ಕಿಕೊಂಡ ಕುದುರೆ ಗಾಬರಿಯಲ್ಲಿ ಕಾಲು ಮುರಿದುಕೊಳ್ಳಬಹುದು. ಇಷ್ಟನ್ನೂ ಕೇಳಿದ ಮೇಲೆ ಅವರ ಮುಖ ನಿಜವಾಗಿ ಬಾಡಿತು. “ಪಾಪ, ಹಸ್ಕೊಂಡಿತ್ತು ಕಣಮ್ಮ” ಅಂದರು, ಮೆಲ್ಲಗೆ. ಮಧ್ಯಾಹ್ನವೆಲ್ಲ ಕೂತು ತಮ್ಮ ಕೈಯಾರೆ ಆ ತೂತನ್ನು ಕಿತ್ತಳೆ ದಾರದಲ್ಲಿ ಹೆಣೆದರು. ಹೆಣಿಗೆ ಎಷ್ಟು ಕೆಟ್ಟದಾಗಿತ್ತೆಂದರೆ ಮಗಳು ಹೊಸ ಬಲೆ ತರಿಸಿದಳು. ಪ್ರಾಯಶ್ಚಿತ್ತವಾಗಿ, ಬಲೆ ಕಟ್ಟುವ ಗಂಟನ್ನು ಮೊಮ್ಮಗಳಿಂದ ಕಲಿಯಬೇಕಾಯಿತು. ಕುದುರೆ ಎಳೆದಷ್ಟೂ ಬಿಗಿಯುವ, ನಾವು ಬಾಲ ಎಳೆದರೆ ತಕ್ಷಣ ಬಿಚ್ಚಿಕೊಳ್ಳುವ ಗಂಟು. “ಪೈಜಾಮದ ಲಾಡಿ ಗಂಟಲ್ವೇನೆ ಇದು!” ಅಂದವರು, ಆಮೇಲೆ ಅದರ ಭಕ್ತರಾದರು. ಪರದೆಗೆ ಅದೇ ಗಂಟು, ಕಸದ ಚೀಲಕ್ಕೂ ಅದೇ. ಸಂಜೆ ಹೊತ್ತು ಕೊಟ್ಟಿಗೆಯಲ್ಲಿ ಸ್ಟೂಲು ಹಾಕಿಕೊಂಡು ಕೂತು, ಬಲೆಯ ಕಣ್ಣಿನಿಂದ ಬೆರಳಲ್ಲಿ ಎಳೆ ಕಿತ್ತು ದೊರೆಸಾನಿಯ ಬಾಯಿಗಿಡುತ್ತಿದ್ದರು. ಅದಕ್ಕೆ ಯಾರೂ ಆಕ್ಷೇಪ ಮಾಡಲಿಲ್ಲ. ಹುಲ್ಲು ತೂಕದ್ದೇ ತಾನೆ.

ಆರು ತಿಂಗಳು ಮುಗಿದು ಹೊರಡುವ ದಿನ ದೊಡ್ಡ ಸೂಟ್‌ಕೇಸಿನ ಜಿಪ್ಪು ಕಿತ್ತುಬಂತು. ತಕ್ಕಡಿ ಕೊಟ್ಟಿಗೆಯ ಮೊಳೆಯಲ್ಲೇ ಇರಲಿ ಅಂತ ಬಿಟ್ಟಿದ್ದೆವು, ತೂಕವೂ ಅಂದಾಜು. “ನಾನಿದೀನಿ” ಅಂತ ಇವರು ಕಿತ್ತಳೆ ದಾರ ತಂದು ಸೂಟ್‌ಕೇಸಿಗೆ ನಾಲ್ಕು ಸುತ್ತು ಬಿಗಿದರು. ದೋಹಾದಲ್ಲಿ ಇಳಿದು ಹತ್ತಿದರೂ ಏನೂ ಆಗಲಿಲ್ಲ. ಬೆಂಗಳೂರಿನಲ್ಲಿ ಪೆಟ್ಟಿಗೆ ಬೆಲ್ಟಿನ ಮೇಲೆ ಸುತ್ತಿ ಬರುತ್ತಿತ್ತು. ಪಕ್ಕದಲ್ಲಿದ್ದ ಹುಡುಗನೊಬ್ಬ, ಒಳ್ಳೆಯ ಮನೆತನದವನು, ವಯಸ್ಸಾದವರಿಗೆ ನೆರವಾಗೋಣ ಅಂತ ಕೈಗೆ ಸಿಕ್ಕ ದಾರ ಹಿಡಿದು ಎಳೆದ.

ಅದು ಗಂಟಿನ ಬಾಲ.

ವಿಟಮಿನ್ ಬಾಟಲಿಗಳು, ಚಾಕೊಲೇಟು, ನನ್ನ ಲಂಗ, ಇವರ ಬನಿಯನ್ನುಗಳು ಬೆಲ್ಟಿನ ಮೇಲೆ ಮೆರವಣಿಗೆ ಹೊರಟವು. ಹಿಂದೆಯೇ, ನನಗೆ ಹೇಳದೆ ಮೂರು ಸಲ ಒಗೆದು ಮಡಿಸಿಟ್ಟುಕೊಂಡಿದ್ದ, ಕಿತ್ತಳೆ ತೇಪೆಯ ಆ ಕಪ್ಪು ಬಲೆ.

“ಮೀನು ಹಿಡಿಯೋದಾ ಅಂಕಲ್?” ಅಂದ ಹುಡುಗ.

“ಈರುಳ್ಳಿ ಹಾಕಿಡೋಕಪ್ಪ” ಅಂದವರೇ ನನ್ನ ಕಡೆ ತಿರುಗಿದರು. ಮುಖದಲ್ಲಿ ನಾಚಿಕೆಯ ಸುಳಿವೇ ಇಲ್ಲ. “ನೋಡಿದ್ಯಾ? ಒಂದೇ ಎಳೆತಕ್ಕೆ. ಕುದುರೆ ಸಿಕ್ಕಾಕೊಂಡಿದ್ರೆ ಬದುಕ್ಕೊಳ್ತಿತ್ತು.”